ಚಾಳಿಗೆಲ್ಲಾ ಒಬ್ಬನ ಪೇಶಂಟು

ಮೊದಲ ಹೇಳಿಬಿಡ್ತೀನಿ, ನನಗ ಯಾ ರೋಗಾನೂ ಇಲ್ಲ. ಮುಂಬೈ ಮಲಾಡದಾಗ ಒಂದ ಅಪಾರ್ಟಮೆಂಟ್ ಸೊಸಾಯಿಟಿ ಗೇಟಿಗೆ ರಾತ್ರಿ ಪಾಳಿ ವಾಚಮನ್ ಅದೀನಿ. ರಾತ್ರಿಯೆಲ್ಲಾ ಸೊಳ್ಳಿಗೆ ಮೈ ಕೊಟ್ಟು, ಬೆಳಿಗ್ಗೆ ಲೋಕಲ್‌ನ್ಯಾಗ ನಿಂತಲ್ಲೇ ತೂಕಡಿಸಿಕೋತ ಕುರ್ಲಾಕ್ಕ ಬಂದು, ಸಾಲಾಗಿ ರೂಮಿದ್ದ ನಮ್ಮ ಚಾಳಿನ್ಯಾಗ ಕಾದ ತಗಡಿನ ಕೆಳಗ ಮಲಗಾಂವ. ಫ್ಯಾನ್ ಬಿಸಿ ಗಾಳಿ ಬೀಸತಿರತೈತಿ. ಹೊರಗ ನಳದ ಜಗಳ ನಡದಿರತೈತಿ. ಆದ್ರೂ ನನಗ ನಿದ್ದಿ ಹತ್ತತೈತಿ. ಅದ ನನ್ನ ತಪ್ಪಾತು ನೋಡ್ರಿ.

ಅವತ್ತ ಕಣ್ಣ ಮುಚ್ಚಿದ್ದೆನೋ ಇಲ್ಲೋ, ಬಗಲಾಗ ತಣ್ಣಗ ಹಸಿ ಅರಬಿ ಬಿತ್ತು. ಹೌಹಾರಿ ಎದ್ದೆ.

"ಅಲುಗಾಡಬ್ಯಾಡ್ರಿ!" ನನ್ನ ಹೇಣ್ತಿ ಸುಂದ್ರವ್ವ ಗದರಿದ್ಲು. "ವಿಡಿಯೋ ಹೊಂಟೈತಿ."

ನೋಡಿದ್ರ ಬಾಜೂ ರೂಮಿನ ನೀಲಾವತಿ ಮೊಬೈಲ್ ಹಿಡದ ನಿಂತಾಳ! ನಾ ಬರೇ ಬನಿಯನ್ ಮ್ಯಾಲ.

"ಇವನೌನ, ಏನ ನಡಸೀರಿ ಇದು?"

"ಪೇಶಂಟ್ ಮಾತಾಡಬಾರದು," ಅಂದ್ಲು ನೀಲಾವತಿ.

ಆಗಿದ್ದೇನಂದ್ರ, ಸುಂದ್ರವ್ವ ಪರೇಲಿನ ಒಂದ ದವಾಖಾನಿಯೊಳಗ ವಾರ್ಡ್ ಕಸಾ ಹೊಡೀತಾಳ. ಹೊಸಾ ಗುತ್ತಿಗೆದಾರ ಬಂದ. ಸರ್ಟಿಫಿಕೇಟ್ ಇದ್ದವರಿಗೆ ರೋಗಿ ನೋಡಿಕೊಳ್ಳೂ ಆಯಾ ಕೆಲಸ, ಇಲ್ಲದವರು ದೀಪಾವಳಿ ಮುಗಿದ ಮ್ಯಾಲ ಮನೀಗಿ ಅಂದ. ನಮ್ಮ ಚಾಳಿನ ಹೆಂಗಸರು ಭಾಳ ಮಂದಿ ಅಲ್ಲೇ ಮಧ್ಯಾಹ್ನದ ಪಾಳಿ ದುಡೀತಾರ. ಎಲ್ಲಾರೂ ಕುರ್ಲಾದ ಒಂದ ಕಮ್ಯುನಿಟಿ ಕಾಲೇಜಿಗೆ ಹೋಗಿ ರೋಗಿ ಆರೈಕೆ ಕೋರ್ಸಿಗೆ ಹೆಸರ ಹಚ್ಚಿದ್ರು. ಹಚ್ಚೂ ಮುಂದ ಒಂದ ರೂಮ್ ತೋರಿಸಿದ್ರಂತ. ಕಬ್ಬಿಣದ ಮಂಚ, ದಪ್ಪನ್ನ ಗಾದಿ. ನರ್ಸಬಾಯಿ ಬಂದು ಕೈ ಹಿಡದು ಕಲಿಸ್ತಾರಂದ್ರು. ಫೀ ತುಂಬಿದ ಮ್ಯಾಲ ರೂಮಿಗೆ ಕೀಲಿ ಬಿತ್ತು. ಕೋರ್ಸ್ ಆನ್‌ಲೈನ್ ಆತು.

ಆ ಪಾಠಾ ನಾನೂ ನೋಡೀನಿ. ಒಬ್ಬಾಕಿ ಮೇಡಮ್ ಪ್ಲಾಸ್ಟಿಕ್ ಗೊಂಬಿ ಎತ್ತತಾಳ. ಖರೇ ಎತ್ತೂ ಹೊತ್ತಿಗೆ ವಿಡಿಯೋ ನಿಂತ, ನಡುವ ಚಕ್ರ ತಿರಗಾಕ ಹತ್ತತೈತಿ. ಗೊಂಬಿ ಗಾಳ್ಯಾಗ. ಮತ್ತ ಶುರು ಆದಾಗ ಗೊಂಬಿ ಮಂಚದ ಮ್ಯಾಲ ಆರಾಮ ಮಲಗಿರತೈತಿ. "ತಿಳೀತಲ್ಲಾ? ಶಾಬ್ಬಾಸ್!" ಅಂತಾಳ ಮೇಡಮ್. ಏನ ತಿಳೀತು, ನನ್ನ ಹಣೇಬಾರ?

ಪ್ರಾಕ್ಟಿಕಲ್ ಅಂದ್ರ, ಮನ್ಯಾಗಿನ ಪೇಶಂಟಿನ ಮೈ ಒರಿಸಿ, ಮಗ್ಗಲಾ ಬದಲಿಸಿ ವಿಡಿಯೋ ಕಳಸಬೇಕು. ಹಗಲಿನ್ಯಾಗ ನಮ್ಮ ಚಾಳಿನ ಗಂಡಸರು ಎಲ್ಲಾರೂ ಕೆಲಸಕ್ಕ. ಹಾಸಿಗಿ ಮ್ಯಾಲ ಉದ್ದಕ ಬಿದ್ದಾಂವ ನಾ ಒಬ್ಬನ.

ಹಿಂಗಾಗಿ ನಾ ಚಾಳಿನ ಸಾರ್ವಜನಿಕ ಪೇಶಂಟ್ ಆದೆ. ಮುಂಜಾನೆ ಎದರಿನ ರೂಮಿನ ಚಂದ್ರವ್ವ ಬಂದು ಮೈ ಒರಸತಿದ್ಲು, ಆಕಿ ಹಿಂದ ಬಾಗಲಾಗ ಪಾಳಿ ಹಚ್ಚಿ ಉಳದವರು. ಹುಟ್ಟಿದಾಗಿಂದ ಇಷ್ಟ ಸ್ವಚ್ಛ ನಾ ಎಂದೂ ಇದ್ದಿಲ್ಲ. ಕಚಗುಳಿ ಆಗಿ ನಕ್ಕರ "ರೋಗಿ ನಗೂದಿಲ್ಲೋ ಖಂಡಪ್ಪಣ್ಣಾ!" ಅಂತ ಬೈತಿದ್ರು. ನೀಲಾವತಿ ಅಂತೂ ಮಗ್ಗಲಾ ಬದಲಸೂ ಮುಂದ ನನ್ನ ಸೀದಾ ಮಂಚದ ಕೆಳಗ ಕೆಡವಿದ್ಲು. ಮೊಣಕಾಲ ಬಾತಿತು. ಬಿದ್ದದ್ದಷ್ಟ ಕತ್ತರಿಸಿ ತಗದು ಉಳದ ವಿಡಿಯೋ ಕಳಿಸಿದ್ಲು.

ಎಲ್ಲಾರೂ ಹೊಟ್ಟಿ ಹಿಡಕೊಂಡ ನಕ್ಕರು. ಸುಂದ್ರವ್ವ ನಗಲಿಲ್ಲ.

"ವಾರ್ಡ್‌ನ್ಯಾಗ ಸೊಂಟಾ ಮುರಕೊಂಡ ಮುದುಕ್ಯಾರು ಇರ್ತಾರ," ಅಂದ್ಲು. "ಅವರ ಹಿಂಗ ಬಿದ್ರ?"

ವಾರದ ಮ್ಯಾಲ ಫಲಿತಾಂಶ ಬಂತು. ಎಲ್ಲಾರೂ ನಪಾಸ. ಎಲ್ಲಾ ವಿಡಿಯೋದಾಗೂ ಒಂದ ಮಾರಿ ಐತಿ, ಇದು ನಕಲು ಅಂತ ಕಂಪ್ಯೂಟರ್ ಹೇಳಿತಂತ. ಮತ್ತ ಫೀ ತುಂಬಿ ಮತ್ತ ಪರೀಕ್ಷಾ ಕೊಡಬೇಕಂತ. ನನ್ನ ಮಾರಿ ಜಗತ್ತಿನ್ಯಾಗ ಮೊದಲನೇ ಸಲ ಯಾರೋ ಗುರ್ತ ಹಿಡದಿದ್ದು, ಅದೂ ಹಿಂಗ!

ಕಾಲೇಜಿಗೆ ಹೋದ್ವಿ. ಕೋರ್ಸ್ ನಡಸೂ ಅನಿಕೇತ್ ಸರ್ ಎ.ಸಿ. ರೂಮಿನ್ಯಾಗ ಕೂತಿದ್ದ.

"ಅರೇ ಬಾಯಿ, ಈ ವರ್ಷ ನಾವು ಕ್ವಾಲಿಟಿ ಸುಧಾರಿಸೇವಿ," ಅಂದ. "ಮೊದಲು ಯಾರು ಏನು ಕಳಿಸಿದ್ರೂ ಪಾಸ್. ಈಗ ಕಂಪ್ಯೂಟರ್ ಹಿಡೀತದ."

"ಹಿಡಿಯೂದ ಸುಧಾರಿಸೀರಿ. ಕಲಿಸೂದು?" ಸುಂದ್ರವ್ವ ಕೇಳಿದ್ಲು. "ಆ ಮಂಚದ ರೂಮ್ ಎಲ್ಲಿ?"

"ಅಲ್ಲಿ ಶೂಟಿಂಗ್ ಸ್ಟುಡಿಯೋ ಆಗೇದ." ಆಮ್ಯಾಲ ದನಿ ಇಳಿಸಿದ. "ನೋಡ್ರಿ, ಸೋಮವಾರ ಕ್ವಾಲಿಟಿ ನೋಡೂ ಕಮಿಟಿ ಬರತದ. ಚೊಲೋ ಸೀರಿ ಉಟ್ಟ ಬರ್ರಿ. ಕೋರ್ಸ್ ಭಾಳ ಚೊಲೋ ಐತಿ ಅನ್ರಿ. ಅವತ್ತ ಎಲ್ಲಾರೂ ಪಾಸ್, ಟೆನ್ಶನ್ ನಕೋ."

ಮನೀಗಿ ಬಂದ ಮ್ಯಾಲ ನಾ ಅಂದೆ, "ಅಂದುಬಿಡ್ರಲ್ಲಾ. ಚೊಲೋ ಐತಿ ಅಂದ್ರ ಬಾಯಿ ಸವೀತೈತೇನು?"

ಸುಂದ್ರವ್ವನ ಕಣ್ಣಾಗ ನೀರ ಬಂತು. ಸಿಟ್ಟಿನ ನೀರು. "ಸರ್ಟಿಫಿಕೇಟ್ ಬರತೈತಿ, ಕೈಗೆ ವಿದ್ಯೆ ಬರತೈತೇನು? ನಾಳೆ ಯಾರದರ ತಾಯಿ ನನ್ನ ಕೈಯಾಗಿಂದ ಬಿದ್ರ ಜೇಲಿಗೆ ಹೋಗಾಕಿ ನಾ, ಅನಿಕೇತ್ ಸರ್ ಅಲ್ಲ. ನಾವು ರೊಕ್ಕಾ ಕೊಟ್ಟದ್ದು ಕಲಿಯಾಕ."

ಬಾಗಲಾಗ ನಿಂತಿದ್ದ ನೀಲಾವತಿ ನನ್ನ ಮೊಣಕಾಲ ನೋಡಿದ್ಲು. "ಖರೇ ಐತಿ ಅಕ್ಕಾ," ಅಂದ್ಲು.

ಸೋಮವಾರ ಪಾಳಿ ಮುಗಿಸಿ ಬಂದು ಇನ್ನೂ ಬೂಟ ಬಿಚ್ಚಿದ್ದಿಲ್ಲ, "ಮಲಗ್ರಿ," ಅಂದ್ಲು ಸುಂದ್ರವ್ವ. ಇವತ್ತರ ನಿದ್ದಿ ಮಾಡಗೊಡ್ತಾರಲ್ಲಾ ಅಂತ ಖುಷೀಲೆ ಮಲಗಿದೆ. ಚಾಳಿನ ಹೆಂಗಸರು ನಾಕೂ ಮೂಲಿ ಹಿಡದು ಚಾದರ್ ಸಮೇತ ನನ್ನ ಎತ್ತಿದ್ರು!

ಕುರ್ಲಾ ಸ್ಟೇಶನ್ ಮುಂದಿನ ಆ ಗದ್ದಲದಾಗ ನಮಗ ದಾರಿ ತಾನ ಬಿಡತಿತ್ತು. ರಿಕ್ಷಾದಾಂವ ಹಾರ್ನ್ ನಿಲ್ಲಿಸಿದ. ಹೂ ಮಾರಾಂವ ಒಬ್ಬ ಕೈ ಮುಗದು ಒಂದ ಹಾರ ನನ್ನ ಎದಿ ಮ್ಯಾಲ ಒಗದ.

"ಇನ್ನೂ ಜೀವ ಐತ್ರೀ!" ಅಂದೆ. ಪಾಪ, ಅಂವ ಹಿಂದ ಸರದ ತನ್ನ ಬುಟ್ಟ್ಯಾಗ ಕೂತಬಿಟ್ಟ.

ಕಾಲೇಜಿನ್ಯಾಗ ಕಮಿಟಿ ಸ್ಟುಡಿಯೋ ನೋಡಾಕ ಹತ್ತಿತ್ತು. ಹಸರ ಪರದೆ, ದೊಡ್ಡ ದೊಡ್ಡ ಲೈಟು. ಮೂಲ್ಯಾಗ ಅದ ಕಬ್ಬಿಣದ ಮಂಚ, ಅದರ ಮ್ಯಾಲ ಡಬ್ಬಿಗೋಳು. ಕಮಿಟಿಯ ಹಿರಿಯಾಕಿ ಮಾಧುರಿ ಮೇಡಮ್, ಒಳಗ ಬಂದ ನಮ್ಮನ್ನ ನೋಡಿ ಕನ್ನಡಕಾ ತಗದ್ರು.

"ಯಾರು ಇವರು? ಆಸ್ಪತ್ರೆ ಇಲ್ಲಿಲ್ಲ."

"ನಮ್ಮ ಪ್ರಾಕ್ಟಿಕಲ್ ರೂಮ್ ರೀ ಇದು," ಅಂದ್ಲು ಸುಂದ್ರವ್ವ. "ಈ ಕೋರ್ಸಿಗೆ ಸಾಮಾನು ಅಂತ ಇರೂದು ಇವರೊಬ್ಬರ. ನೋಡಾಕ ಬಂದೀರಂತ, ಹೊತ್ತಕೊಂಡ ಬಂದೇವಿ."

ಅನಿಕೇತ್ ಸರ್ ಮಾರಿ ಬೆಳ್ಳಗಾತು. "ಮೇಡಮ್, ಇವರು ನಪಾಸ ಆದವರು..."

"ಹೌದ್ರಿ, ನಪಾಸ ಆಗೇವಿ. ಕೋರ್ಸ್ ಚೊಲೋ ಐತಿ ಅಂದ್ರ ಇವತ್ತ ಪಾಸ್ ಮಾಡ್ತಾರಂತ. ನಾವು ಅನ್ನೂದಿಲ್ಲ." ಅಷ್ಟಂದು ಸುಂದ್ರವ್ವ ಮಂಚದ ಡಬ್ಬಿ ಇಳಿಸಾಕ ನಿಂತ್ಲು. ಚಂದ್ರವ್ವ ಕೈ ಹಚ್ಚಿದ್ಲು. ನನ್ನ ಒಯ್ದು ಮಂಚದ ಮ್ಯಾಲ ಮಲಗಿಸಿ ಸುತ್ತಾ ಕೂತ್ರು.

"ವರದಿಯಲ್ಲಿ ಬರೀತೀವಮ್ಮ," ಅಂದ್ರು ಮಾಧುರಿ ಮೇಡಮ್.

"ಬರೀರಿ ಬಾಯಿ. ನರ್ಸಬಾಯಿ ಬರೂ ತನಕ ನಾವ ಇಲ್ಲೇ ಕೂಡ್ತೀವಿ."

ಅನಿಕೇತ್ ಸರ್ ನನ್ನ ಹತ್ರ ಬಂದು ಹಲ್ಲ ಕಡದ. "ಏ ಮಾಮಾ, ಏಳ್ರಿ ಮ್ಯಾಲ! ನಿಮಗೇನೂ ಆಗಿಲ್ಲ!"

ಸಂಜಿಗೆ ಮಲಾಡದ ಪಾಳಿ ತಪ್ಪತೈತಿ, ಸೂಪರ್ವೈಜರ್ ಬೈತಾನ ಅಂತ ನೆನಪಾತು. ಆದ್ರ ಗಾದಿ ಮೆತ್ತಗಿತ್ತು. ಮ್ಯಾಲ ಎ.ಸಿ. ತಣ್ಣಗ ಬೀಸತಿತ್ತು.

"ಪೇಶಂಟ್ ಮಾತಾಡಬಾರದ್ರಿ," ಅಂದು ಕಣ್ಣ ಮುಚ್ಚಿದೆ.

"ಇವರನ್ನ ಎಬ್ಬಿಸಿಕೊಂಡ ಹೋಗ್ರಿ ಬಾಯಿ!" ಅಂತ ಅನಿಕೇತ್ ಸರ್ ಸುಂದ್ರವ್ವನ ಕಡೆ ತಿರಗಿ ಒದರಿದ.

ಸುಂದ್ರವ್ವ ಸೆರಗ ಸಿಗಿಸಿ ನನ್ನ ತಲಿ ಹತ್ರ ನಿಂತ್ಲು.

"ಎತ್ತೂದು ಹ್ಯಾಂಗ ಅಂತ ಕಲಸ್ರಿ. ಕಲತ ಮ್ಯಾಲ ನಾವ ಎತ್ತಿಕೊಂಡ ಹೋಗ್ತೀವಿ."