ಬಲಗೈಯಲ್ಲಿ ಕೀ, ಎಡಗೈಯಲ್ಲಿ ಬ್ರೆಡ್ಡು

ಮೇಜಿನ ಮೇಲೆ ನಾಲ್ಕು ಲೋಟ, ಮೂರರಲ್ಲಿ ನೀರು ಕಂಠದವರೆಗೆ, ನಾಲ್ಕನೆಯದರಲ್ಲಿ ಒಂದು ಗುಟುಕು ಕಡಿಮೆ, ಅದು ಮೇಷ್ಟ್ರದ್ದು, ಯಾವಾಗ ಕುಡಿದರು, ನಾನು ನೋಡಲೇ ಇಲ್ಲ, ನೋಡದೆ ಹೇಗೆ ಬಿಟ್ಟೆ — ಯಾರ ಲೋಟದಲ್ಲಿ ಎಷ್ಟು ನೀರಿತ್ತು, ಯಾರ ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು ಎಂದು ಬರೆದಿಟ್ಟುಕೊಳ್ಳುವುದೇ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ, ಕಂಟಿನ್ಯುಟಿ ಎನ್ನುತ್ತಾರೆ ಅದಕ್ಕೆ, ಸೋಮವಾರ ತೆಗೆದ ಶಾಟಿನಲ್ಲಿ ಎಡಕ್ಕೆ ಬೈತಲೆ ತೆಗೆದವಳು ಗುರುವಾರದ ಶಾಟಿನಲ್ಲಿ ಬಲಕ್ಕೆ ತೆಗೆದಿರಬಾರದು, ಅಷ್ಟೇ, ಅಷ್ಟನ್ನು ಕಾಯುವುದಕ್ಕೆ ಒಬ್ಬಳು ಬೇಕು, ಆ ಒಬ್ಬಳು ನಾನು, ಯೂನಿಟ್ಟಿನವರೆಲ್ಲ ಹದ್ದಮ್ಮ ಎಂದು ಕರೆಯುತ್ತಾರೆ, ಆ ಹೆಸರಿಟ್ಟವರು ಮೇಷ್ಟ್ರೇ, ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ, ಹನ್ನೊಂದು ಸಿನಿಮಾ ಮಾಡಿದವರು, ಈಗ ಚಾನೆಲ್ ಆಫೀಸಿನ ನಾಲ್ಕನೇ ಮಹಡಿಯ ಈ ಕೋಣೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ, ಎದುರಿಗೆ ಚಾನೆಲ್ಲಿನ ಮುಖ್ಯಸ್ಥೆ, ಅವಳ ಪಕ್ಕದಲ್ಲಿ ಕಥಾವಿಭಾಗದ ಗಡ್ಡದವನು. ಮುಖ್ಯಸ್ಥೆ ಬಾಗಿಲಲ್ಲೇ ಹೇಳಿದಳು, ಸರ್, ಚಿಕ್ಕೋಳಿದ್ದಾಗ ಅಪ್ಪನ ಜೊತೆ ನಿಮ್ಮ ಸಿನಿಮಾ ನೋಡಿ ಬಂದು ಮೂರು ದಿನ ಅಪ್ಪನ ಹತ್ರ ಮಾತೇ ಆಡ್ಲಿಲ್ಲ ನಾನು, ಮೇಷ್ಟ್ರು ಕೇಳಿದರು, ಅಪ್ಪ ಇದಾರಾ, ಇದಾರೆ ಸರ್, ಹಾಗಾದ್ರೆ ನನ್ನ ಕಡೆಯಿಂದ ಕ್ಷಮೆ ಕೇಳ್ಬಿಡಮ್ಮ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಮೇಷ್ಟ್ರ ಅಂಗಿಯ ಗುಂಡಿ ಎಣಿಸಿದೆ, ಆರು, ಎಲ್ಲವೂ ಸರಿಯಾದ ಕಾಜಿನಲ್ಲಿವೆ, ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಅವರೇ ಹಾಕಿ ಕಳಿಸಿರಬೇಕು. ಇವತ್ತು ಧಾರಾವಾಹಿಯ ಮೊದಲ ಕಂತನ್ನು ಬಾಯಲ್ಲಿ ಹೇಳಿ ಮುಗಿಸಿದರೆ ಸಾಕು, ಹದಿಮೂರೂ ಕಂತಿಗೆ ಒಪ್ಪಿಗೆ, ಬರುವ ತಿಂಗಳು ಚಿತ್ರೀಕರಣ. ಬರೆದು ಹತ್ತೊಂಬತ್ತು ವರ್ಷದ ಮೇಲೆ. ಮೊದಲು ಒಪ್ಪಿದ್ದ ಚಾನೆಲ್ ಮುಚ್ಚಿಹೋಯಿತು, ಎರಡನೆಯವರು ಒಂದು ಕೊಲೆಯಾದ್ರೂ ಇರ್ಲಿ ಸರ್ ಅಂದರು, ಮೇಷ್ಟ್ರು ಬಹಳ ಹೊತ್ತು ಯೋಚಿಸಿದವರ ಹಾಗೆ ಮಾಡಿ, ಮೂರನೇ ಕಂತಲ್ಲಿ ಒಂದು ಹೂಕುಂಡ ಒಡೆಯುತ್ತೆ, ಸಾಲದಾ, ಅಂದರು, ಸಾಲಲಿಲ್ಲ.

ಶುರು ಮಾಡಿದರು. ಕತೆ ಹೇಳುವಾಗ ಮೇಷ್ಟ್ರ ಕೈಯಲ್ಲಿ ಕಾಗದ ಇರುವುದಿಲ್ಲ, ಕಾಗದ ನನ್ನ ತೊಡೆಯ ಮೇಲೆ, ಹಳದಿ ರಟ್ಟಿನ ಫೈಲು, ನಾನು ತೆರೆಯುವುದಿಲ್ಲ, ಬಾಯಿಪಾಠ. ಒಬ್ಬ ಹೆಂಗಸು, ಅಂದರು, ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ತಪ್ಪಿದೆಯಾ ಅಂತ ನೋಡೋ ಕೆಲಸ, ದಿನಕ್ಕೆ ಆರುನೂರು ಅಂಗಿ, ಸಂಜೆ ಮನೆಗೆ ಬರ್ತಾಳೆ, ಬಲಗೈಯಲ್ಲಿ ಕೀ, ಎಡಗೈಯಲ್ಲಿ ಬ್ರೆಡ್ಡು, ಒಳಗಡೆ ಗಂಡ ಮಗಳು ನಗ್ತಿದಾರೆ, ಯಾಕೆ ಅಂತ ಇವಳಿಗೆ ಗೊತ್ತಿಲ್ಲ, ಕೀ ಹಾಕಲ್ಲ, ನಿಂತ್ಕೋತಾಳೆ. ಮುಖ್ಯಸ್ಥೆಯ ಪೆನ್ನು ನಿಂತಿತು. ನನಗೆ ಕಿವಿ ಬಿಸಿಯಾಯಿತು, ಪ್ರತಿಸಲ ಆಗುತ್ತದೆ, ಯಾಕೆಂದರೆ ಆ ಬಾಗಿಲು ನಮ್ಮನೆಯದು — ಶೂಟಿಂಗ್ ಮುಗಿಸಿ ವ್ಯಾನಿನಲ್ಲಿ ವಾಪಸು ಬರುವಾಗ ನಾನೇ ಹೇಳಿದ್ದೆ, ಯಾಕೆ ಹೇಳಿದೆನೋ, ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು, ನಿದ್ದೆ ಎಂದುಕೊಂಡೇ ಹೇಳಿದೆನೇನೋ, ಮೇಷ್ಟ್ರೇ, ನಾನು ಒಳಗೆ ಕಾಲಿಟ್ಟ ತಕ್ಷಣ ಮಗಳು ಓಡಿಹೋಗಿ ಚಪ್ಪಲಿ ಜೋಡಿಸ್ತಾಳೆ, ಆರು ವರ್ಷದ್ದು, ನಾನು ಏನೂ ಅಂದಿರಲ್ಲ, ಬರೀ ನೋಡಿರ್ತೀನಿ, ಅಷ್ಟೇ. ಗಂಡ ಹೇಳಿದ್ದ, ಸಿಟ್ಟಿನಿಂದಲ್ಲ, ತಟ್ಟೆ ಒರೆಸುತ್ತ, ನೀನು ನಮ್ಮನ್ನ ನೋಡೋದೂ ತಪ್ಪು ಹುಡುಕೋ ಹಾಗೇ ಇರುತ್ತೆ ಕಣೆ. ಅದಕ್ಕೇ ನಾನು ಹೊರಗೆ ನಿಲ್ಲುತ್ತಿದ್ದೆ, ಕೀ ಹಿಡಿದುಕೊಂಡು, ಅವರ ನಗು ತಾನಾಗಿ ಮುಗಿಯಲಿ, ನನ್ನಿಂದ ನಿಲ್ಲುವುದು ಬೇಡ ಎಂದು. ಮೇಷ್ಟ್ರು ಕಣ್ಣು ತೆರೆಯದೆ ಹ್ಞೂಂ ಅಂದರು. ಎಂಟು ದಿನ ಬಿಟ್ಟು ನಾಲ್ಕು ಹಾಳೆ ಕೈಗಿಟ್ಟರು, ಓದು, ಬೇಡ ಅಂದ್ರೆ ಹರಿದುಹಾಕ್ತೀನಿ. ಹರಿಯಬೇಡಿ ಅಂದೆ. ಇವಳು ಒಳಗೆ ಯಾವಾಗ ಹೋಗ್ತಾಳೆ ಮೇಷ್ಟ್ರೇ, ಕೇಳಿದೆ, ದಿನಾ ಹೋಗ್ತಾಳಲ್ಲ, ನಗು ನಿಂತ ಮೇಲೆ, ಅಂದರು, ಅದಲ್ಲ, ನಗು ನಿಲ್ಲೋ ಮುಂಚೆ — ಅವರು ನನ್ನನ್ನೇ ನೋಡಿದರು, ಹದಿಮೂರನೇ ಕಂತಲ್ಲಿ, ಕೊನೇ ಶಾಟು, ಕೀ ತಿರುಗಿಸ್ತಾಳೆ, ಒಳಗೆ ಹೋಗ್ತಾಳೆ, ನಗು ನಿಲ್ಲಲ್ಲ, ಅಷ್ಟಕ್ಕೇ ಹದಿಮೂರು ಕಂತು ಬೇಕು ನೋಡು. ಬ್ರೆಡ್ಡು ಮಾತ್ರ ಅವರು ಸೇರಿಸಿದ್ದು, ನಾನು ತರುತ್ತಿರಲಿಲ್ಲ, ಅದನ್ನು ಓದಿದ ಮೇಲೆ ತರತೊಡಗಿದೆ. ಮಗಳಿಗೀಗ ಇಪ್ಪತ್ತೈದು, ಬೇರೆ ಮನೆ, ನಾನು ಹೋದರೆ ಈಗಲೂ ಮಾತಾಡುತ್ತಲೇ ಮೇಜಿನ ಮೇಲಿನ ಪುಸ್ತಕಗಳನ್ನು ಅಂಚಿಗೆ ಅಂಚು ಸೇರಿಸಿಡುತ್ತಾಳೆ.

ಮೇಷ್ಟ್ರ ದನಿ ಚೆನ್ನಾಗಿದೆ, ಎಲ್ಲೂ ತಡೆದಿಲ್ಲ, ನಾನು ಸುಮ್ಮನೆ ಹೆದರಿದೆ, ಇಲ್ಲ, ಸುಮ್ಮನೆ ಅಲ್ಲ, ಮೂರು ವಾರದ ಹಿಂದೆ ಕರೆಸಿದ್ದರಲ್ಲ, ಅವರ ಓದುವ ಕೋಣೆಗೆ, ಬಾಗಿಲು ಮುಂದೆ ಮಾಡಿ ಕೂರಿಸಿದರು, ಡಾಕ್ಟರು ಚಿತ್ರ ತೋರಿಸಿದರು ಹದ್ದಮ್ಮ, ನನ್ನ ತಲೆಯ ಒಳಗಿಂದು, ಲೈಟಿಂಗ್ ಚೆನ್ನಾಗಿಲ್ಲ, ಅಂದರು, ನಾನು ನಗಬೇಕಿತ್ತು, ಆಗಲಿಲ್ಲ. ಕನ್ನಡಕ ಫ್ರಿಜ್ಜಿನಲ್ಲಿಟ್ಟದ್ದು ಗೊತ್ತಿತ್ತು, ಅದೇನು, ಎಲ್ಲರೂ ಇಡುತ್ತಾರೆ, ಆದರೆ ಒಂದು ಬೆಳಗ್ಗೆ ಅಕ್ಕನನ್ನೇ, ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನೇ, ತಾವು ಯಾರ ಕಡೆಯವರು ಎಂದು ಮರ್ಯಾದೆಯಿಂದ ಕೇಳಿದರಂತೆ. ನೋಡು, ಚಾನೆಲ್‌ನವರ ಮುಂದೆ ನಾನು ಎಡವಿದ್ರೆ ನೀನು ಯಾವಾಗ್ಲೂ ಮಾಡೋದನ್ನೇ ಮಾಡು, ಎರಡು ಬೆರಳು ಎತ್ತು, ನಾನಾಗೇ ನಿಲ್ಸಿ ಎದ್ದು ಬರ್ತೀನಿ, ಬೇರೆಯವರು ಹೇಳೋ ಮೊದ್ಲು ನೀನು ಹೇಳ್ಬೇಕು. ನಾನ್ಯಾಕೆ ಮೇಷ್ಟ್ರೇ. ನಿನ್ನ ಕೆಲಸ ಅಲ್ವೇನಮ್ಮ. ಎರಡು ಬೆರಳು — ಮೊದಲ ಸಿನಿಮಾದಲ್ಲಿ, ಇಪ್ಪತ್ತಮೂರು ವರ್ಷದವಳು ನಾನು, ಮುನ್ನೂರು ಜನ ಸೇರಿದ್ದ ಶಾಟಿನ ನಡುವೆ ನಾಯಕನ ಅಂಗಿಯ ತೋಳು ಮಡಿಸಿದ್ದು ಕಂಡಿತು, ಹಿಂದಿನ ಶಾಟಿನಲ್ಲಿ ಮಡಿಸಿರಲಿಲ್ಲ, ಕೂಗಲು ಬಾಯಿ ತೆರೆದರೆ ಗಂಟಲೇ ಇಲ್ಲ, ಎರಡು ಬೆರಳು ಎತ್ತಿದೆ, ಯಾಕೆ ಎರಡು, ಗೊತ್ತಿಲ್ಲ, ಮೇಷ್ಟ್ರು ಕಂಡರು, ಕಟ್ ಅಂದರು, ಎಲ್ಲರ ಮುಂದೆ ಬೈಯುತ್ತಾರೆ ಎಂದುಕೊಂಡೆ, ಹತ್ತಿರ ಬಂದು ಮೆಲ್ಲಗೆ ಹೇಳಿದರು, ಇನ್ನು ಮೇಲೂ ಹೀಗೇ ಎತ್ತು, ಯಾರಿಗೂ ಗೊತ್ತಾಗಲ್ಲ, ನಿನಗೂ ನನಗೂ ಗೊತ್ತಾದ್ರೆ ಸಾಕು. ಆವತ್ತು ಓದುವ ಕೋಣೆಯಿಂದ ಇಳಿದು ಬಂದರೆ ಗೇಟಿನ ಹತ್ತಿರ ಅಕ್ಕ, ಒದ್ದೆ ಕೈ, ಅವರಿಗೆ ಎಲ್ಲ ಗೊತ್ತು, ನನ್ನ ಮೊಣಕೈ ಹಿಡಿದುಕೊಂಡರು, ನೀನು ಎತ್ತಬೇಡ ಕಣೆ, ನಿನ್ನ ಕಾಲಿಗೆ ಬೀಳ್ತೀನಿ, ಆ ಹದಿಮೂರು ಕಂತು ಇದೆ ಅಂತ ಬೆಳಗ್ಗೆ ಎದ್ದು ಗಡ್ಡ ಕೆರ್ಕೋತಾರೆ, ಅದೂ ಇಲ್ಲ ಅಂದ್ರೆ ಯಾತಕ್ಕೆ ಏಳ್ತಾರೆ ಹೇಳು. ನಾನು ಮೊಣಕೈ ಬಿಡಿಸಿಕೊಂಡೆ. ಗೇಟಿನ ಚಿಲಕ ಬಲಗಡೆಗಿತ್ತು.

ನಗು ನಿಲ್ಲುತ್ತೆ, ಅನ್ನುತ್ತಿದ್ದಾರೆ ಈಗ, ಆಮೇಲೆ ಕೀ ಹಾಕಿ ಒಳಗೆ ಬರ್ತಾಳೆ, ಬ್ರೆಡ್ಡು ಮೇಜಿನ ಮೇಲಿಡ್ತಾಳೆ, ಮಗಳು ಚಪ್ಪಲಿ ಜೋಡಿಸ್ತಾಳೆ, ಸರಿ, ಸರಿಯಾಗಿದೆ, ಇನ್ನು ಮುಂದೆ ಗಂಡ ಕೇಳಬೇಕು, ಲೇಟಾಯ್ತಾ ಅಂತ — ಬಾಗಿಲ ಹತ್ರ ಬರ್ತಾಳೆ, ಅಂದರು ಮೇಷ್ಟ್ರು, ಬಲಗೈಯಲ್ಲಿ ಕೀ, ಎಡಗೈಯಲ್ಲಿ ಬ್ರೆಡ್ಡು, ಒಳಗಡೆ ನಗ್ತಿದಾರೆ. ಮನಸ್ಸಿನಲ್ಲೇ ಅಂದೆ, ಬ್ರೆಡ್ಡು ಮೇಜಿನ ಮೇಲಿದೆಯಲ್ಲ ಮೇಷ್ಟ್ರೇ. ಇಟ್ಟಾಯಿತಲ್ಲ. ಅವರು ಹೇಳುತ್ತಲೇ ಇದ್ದಾರೆ, ಮೊದಲ ಸಲಕ್ಕಿಂತ ಚೆನ್ನಾಗಿ ಹೇಳುತ್ತಿದ್ದಾರೆ, ಬ್ರೆಡ್ಡಿನ ಪ್ಯಾಕೆಟ್ಟು ಬೆರಳಿಗೆ ಬೆಚ್ಚಗೆ ತಗಲುವುದನ್ನೂ ಹೇಳಿದರು, ಅದು ಫೈಲಿನಲ್ಲಿಲ್ಲ, ನಗು ನಿಲ್ಲುತ್ತದೆ, ಒಳಗೆ ಬರುತ್ತಾಳೆ, ಬ್ರೆಡ್ಡು ಇಡುತ್ತಾಳೆ, ಮಗಳು ಚಪ್ಪಲಿ, ಆಮೇಲೆ ಒಂದು ಕ್ಷಣ, ನೀರು ಕುಡಿದರು, ಬಾಗಿಲ ಹತ್ರ ಬರ್ತಾಳೆ, ಬಲಗೈಯಲ್ಲಿ ಕೀ. ಮೂರನೇ ಸಲ. ಗಡ್ಡದವನು ಮುಂದಕ್ಕೆ ಬಾಗಿದ, ಅಬ್ಬಾ ಸರ್, ಅದೇ ಸಂಜೆ ಮತ್ತೆ ಮತ್ತೆ, ಅವಳಿಗೆ ಬಿಡುಗಡೆನೇ ಇಲ್ಲ ಅಲ್ವಾ, ಎಂಥಾ ಫಾರ್ಮು, ಮುಖ್ಯಸ್ಥೆಯ ಕಣ್ಣು ಒದ್ದೆ, ಅವರು ಕಂಡಿಲ್ಲ, ಮೇಷ್ಟ್ರು ದಾರಿ ತಪ್ಪಿದ್ದನ್ನು ಇಬ್ಬರೂ ಕಂಡಿಲ್ಲ, ತಪ್ಪಿದ್ದನ್ನೇ ಮೆಚ್ಚಿಕೊಂಡಿದ್ದಾರೆ, ನಾನು ಸುಮ್ಮನಿದ್ದರೆ ಆಯಿತು, ಇವತ್ತಿಗೆ ಆಯಿತು, ಅಕ್ಕ ನಾಳೆಯೂ ಗುಂಡಿ ಹಾಕುತ್ತಾರೆ, ಅವರು ಗಡ್ಡ ಕೆರೆದುಕೊಳ್ಳುತ್ತಾರೆ, ಒಪ್ಪಿಗೆಗೆ ಸಹಿ ಬೀಳುತ್ತದೆ, ಆ ಹೆಂಗಸು ಒಂದಲ್ಲ ಒಂದು ದಿನ ಒಳಗೆ ಹೋಗುತ್ತಾಳೆ, ನಾನು ಅದನ್ನು ಪರದೆಯ ಮೇಲೆ ನೋಡುತ್ತೇನೆ, ಗಂಡನ ಪಕ್ಕ ಕೂತು ನೋಡುತ್ತೇನೆ, ಆದರೆ ಬರುವ ತಿಂಗಳು, ಅರವತ್ತು ಜನರ ಯೂನಿಟ್, ಲೈಟು ಹಾಕಿಕೊಂಡು ಕಾಯುತ್ತಿರುತ್ತಾರೆ, ನಟಿ ಕೇಳುತ್ತಾಳೆ ನಾನೀಗ ಒಳಗೆ ಹೋಗಬೇಕಾ ಸರ್, ಮೇಷ್ಟ್ರು ಅವಳನ್ನು ನೋಡಿ, ಮರ್ಯಾದೆಯಿಂದ, ತಾವು ಯಾರ ಕಡೆಯವರು — ಲೈಟ್ ಹಿಡಿದವರಲ್ಲಿ ಯಾರೋ ಒಬ್ಬ ಬಾಯಿ ಮುಚ್ಚಿಕೊಂಡು ನಗುತ್ತಾನೆ. ಆ ನಗು ಬೇಡ. ಮೇಷ್ಟ್ರು ಸರಿ ಸರಿ ಎಂದು ಗಡ್ಡದವನಿಗೆ ತಲೆಯಾಡಿಸಿದರು, ತಲೆಯಾಡಿಸುತ್ತಲೇ ಕಣ್ಣು ನನ್ನ ಕಡೆಗೆ ಬಂತು, ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನ ಕಣ್ಣಲ್ಲ ಅದು, ಅಷ್ಟು ಸುಲಭವಾಗಿರಲಿಲ್ಲ, ಕೆಲಸದ ಕಣ್ಣು, ಶಾಟ್ ಆದ ಮೇಲೆ ಪ್ರತಿಸಲ ನನ್ನ ಕಡೆ ತಿರುಗುತ್ತಿದ್ದ ಅದೇ ಕಣ್ಣು, ಸರಿಯಿತ್ತಾ, ಎಂದು ಕೇಳುವುದು. ಆ ಕಣ್ಣಿಗೆ ನಾನು ಎಂದೂ ಸುಳ್ಳು ಹೇಳಿಲ್ಲ. ಫೈಲಿನ ಅಂಚಿನ ಮೇಲೆ ಕೈ ಎತ್ತಿದೆ, ಎರಡು ಬೆರಳು, ಎಷ್ಟು ಭಾರ.

ಕಂಡರು. ಆಮೇಲೆ ಮೇಜಿನ ಮೇಲೆ ಅಂಗೈ ಇಟ್ಟು ಎದ್ದರು, ಇಷ್ಟು ಸಾಕಮ್ಮ, ತಪ್ಪು ತಿಳ್ಕೋಬೇಡ, ಇದನ್ನ ನಾನು ಮಾಡಲ್ಲ, ಮುಖ್ಯಸ್ಥೆಯೂ ಎದ್ದಳು, ಸರ್, ಏನಾಯ್ತು ಸರ್, ನಮ್ಮಿಂದ ಏನಾದ್ರೂ, ನಿಮ್ಮಿಂದ ಏನಿಲ್ಲ, ನೀವು ಚೆನ್ನಾಗಿ ಕೇಳಿದ್ರಿ, ಅಪ್ಪನ ಹತ್ರ ಕ್ಷಮೆ ಮರೀಬೇಡ. ಅದನ್ನು ಮರೆತಿರಲಿಲ್ಲ ಅವರು. ಕಾರಿಡಾರಿನಲ್ಲಿ ನನ್ನ ತೋಳು ಹಿಡಿದುಕೊಂಡರು, ಎಂದೂ ಹಿಡಿದವರಲ್ಲ, ಲಿಫ್ಟಿನ ಕನ್ನಡಿಯಲ್ಲಿ ಅವರ ಕಾಲರಿನ ಒಂದು ತುದಿ ಒಳಗೆ ಮಡಚಿಹೋಗಿತ್ತು, ಬಂದಾಗ ಹೀಗಿರಲಿಲ್ಲ, ಕೈ ಹೋಗಿತ್ತು ಸರಿಮಾಡಲು, ಬಿಟ್ಟೆ, ಇರಲಿ. ಟ್ಯಾಕ್ಸಿಯಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು, ಅಕ್ಕನಿಗೆ ಏನು ಹೇಳಲಿ, ಗೇಟಿನಲ್ಲೇ ನಿಂತಿರುತ್ತಾರೆ, ನನ್ನ ಮುಖ ನೋಡಿದರೆ ತಿಳಿದುಬಿಡುತ್ತದೆ, ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು, ಮೇಷ್ಟ್ರು ಕಣ್ಣು ತೆರೆಯದೆ ಕೇಳಿದರು, ಎಲ್ಲಿಗೆ ನಿಂತಿತು ಹದ್ದಮ್ಮ ಇವತ್ತು. ಇಪ್ಪತ್ತಾರು ವರ್ಷ ಶೂಟಿಂಗ್ ಪ್ಯಾಕಪ್ ಆದ ಮೇಲೆ ದಿನವೂ ಕೇಳಿದ್ದ ಮಾತು, ನಾನು ಕಂಟಿನ್ಯುಟಿ ಪುಸ್ತಕ ತೆರೆದು ತೆಗೆದಷ್ಟನ್ನು ಓದಿ ಹೇಳುತ್ತಿದ್ದೆ, ತೆಗೆಯದ್ದನ್ನು ತೆಗೆದೆವೆಂದು ಒಂದು ದಿನ ಹೇಳಿದವಳಲ್ಲ. ಬಾಗಿಲ ಹತ್ರ ಮೇಷ್ಟ್ರೇ. ಒಳಗೆ ಹೋದಳಾ. ಸಿಗ್ನಲ್ಲು ಕೆಂಪೇ ಇತ್ತು. ಹೋದಳು. ನಗು. ನಿಲ್ಲಲಿಲ್ಲ ಮೇಷ್ಟ್ರೇ, ಅವಳು ಹೋದಳು, ನಗು ನಿಲ್ಲಲಿಲ್ಲ. ಒಂದೇ ಟೇಕಾ. ಒಂದೇ ಟೇಕು. ಸದ್ಯ, ಅಂದರು, ಮಗಳೇ ಅಂದರೋ ಹದ್ದಮ್ಮ ಅಂದರೋ ಕೇಳಿಸಲಿಲ್ಲ, ಅವರ ಕೈ ನನ್ನ ತೋಳಿನ ಮೇಲೆ ಸಡಿಲವಾಯಿತು, ಬಾಯಿ ಸ್ವಲ್ಪ ತೆರೆದಿದೆ, ನಿದ್ದೆ, ನಿಜವಾದ ನಿದ್ದೆ ಈ ಸಲ, ಗಾಡಿ ಹೊರಟಿತು, ಪುಸ್ತಕದಲ್ಲಿ ಏನು ಬರೆಯಲಿ, ಇವತ್ತಿನ ತಾರೀಖು, ಮೊದಲ ಕಂತು, ದೃಶ್ಯ ಒಂದು, ಒಳಗೆ ಹೋದಳು ಎಂದು ಬರೆದರೆ ಬ್ರೆಡ್ಡು ಎಲ್ಲಿದೆ, ಯಾವ ಕೈ ಬಾಗಿಲು ತಳ್ಳಿತು, ಒಳಗೆ ಎಷ್ಟು ಬೆಳಕಿತ್ತು, ಯಾರು ಮೊದಲು ತಿರುಗಿ ನೋಡಿದರು, ನನಗೆ ಗೊತ್ತಿಲ್ಲ, ನಾನು ನೋಡಿಲ್ಲ, ನಾನು ನೋಡಿದ್ದು ಇಷ್ಟೇ, ಬಾಗಿಲ ಹೊರಗೆ ಒಬ್ಬಳು, ಒಳಗೆ ನಗುತ್ತಿದ್ದಾರೆ, ಎಡಗೈಯಲ್ಲಿ ಬ್ರೆಡ್ಡು, ಇನ್ನೂ ಬೆಚ್ಚಗಿದೆ, ಬಲಗೈಯಲ್ಲಿ ಕೀ, ಬಲಗೈಯಲ್ಲಿ ಕೀ —