ಕೊರಳಿನ ಕೆಂಪು ದಾರ

ನಾನೊಂದು ಕಪ್ಪು ಮೌಸು, ಬಾಲವಿರುವ ಹಳೇ ಜಾತಿ. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಲೋಕ ಕಂಡದ್ದು ದಾವಣಗೆರೆಯ ವಿರೂಪಾಕ್ಷನ ಮೇಜಿನ ಮೇಲೆ. ಆತ ವಿಮೆ ಕಂಪನಿಯೊಂದರ ಮ್ಯಾನೇಜರು, ಕೆಲಸ ಮನೆಯಿಂದಲೇ. ನಾನು ಐದು ನಿಮಿಷ ಅಲುಗದಿದ್ದರೆ ಕಂಪನಿಯ ಪರದೆಯಲ್ಲಿ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ. ಆಸಾಮಿ ಸೀಟಿನಲ್ಲಿಲ್ಲ ಎಂದು ಅರ್ಥ. ಈ ಮಹಾಶಯ ನನ್ನನ್ನು ಕೆಂಪು ದಾರದಿಂದ ತಿರುಗುವ ಟೇಬಲ್ ಫ್ಯಾನಿನ ಕೊರಳಿಗೆ ಕಟ್ಟಿ, ಉಂಡು ಗೊರಕೆ ಹೊಡೆಯುತ್ತಿದ್ದ. ನಾನು ಅತ್ತಿಂದಿತ್ತ ಹೊಟ್ಟೆ ತೇಯುತ್ತ ಅವನ ಚುಕ್ಕೆ ಕಾಯುತ್ತಿದ್ದೆ. ಎದ್ದ ಮೇಲೆ ಕಂಪ್ಯೂಟರ್ ತಡವರಿಸಿದರೆ ನನ್ನನ್ನೇ ಮೇಜಿಗೆ ಕುಟ್ಟುತ್ತಿದ್ದ. ಆ ಪೆಟ್ಟುಗಳನ್ನು ನಾನು ಮರೆತಿಲ್ಲ.

ಹೊಸ ಮೌಸು ಬಂದಾಗ ನನ್ನನ್ನು ದಾರ ಸಮೇತ ತನ್ನ ಕೈಕೆಳಗಿನ ಸುಗುಣಳಿಗೆ ದಾಟಿಸಿದ.

"ನಿಮಗೆ ಇದು ಸಾಕು ಬಿಡ್ರಿ."

ಸುಗುಣಳ ಕೈ ಮೆತ್ತಗೆ. ಗಂಟು ಬಿಚ್ಚಲಾಗದೆ ದಾರವನ್ನು ಹಾಗೇ ಬಿಟ್ಟಳು. ಅವಳ ಕೆಲಸವೂ ಮನೆಯಿಂದಲೇ. ಒಂದು ಮಧ್ಯಾಹ್ನ ಅವಳ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು. ಅವಳು ಓಡಿದಳು, ಇಪ್ಪತ್ತು ನಿಮಿಷ ಚುಕ್ಕೆ ಹಳದಿ. ಅದನ್ನೇ ಹಿಡಿದು ವಿರೂಪಾಕ್ಷ ಅವಳನ್ನು ಕೆಲಸದಿಂದ ತೆಗೆಸಲು ಹೊರಟ. ನನಗೆ ಮೈಯೆಲ್ಲ ಉರಿಯಿತು. ಎಲವೋ, ನಿನ್ನ ಗೊರಕೆಗೆ ಕಾವಲಿದ್ದವನು ನಾನಲ್ಲವೇ!

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಕಂಪನಿಯ ದೊಡ್ಡ ಮೇಡಂ ಕೂತಿದ್ದರು. ವಿರೂಪಾಕ್ಷನ ಮನೆಯಲ್ಲಿ ಕರೆಂಟು ಇರಲಿಲ್ಲ. ಲ್ಯಾಪ್‌ಟಾಪಿನ ಮೇಲೇ ಬೆರಳಾಡಿಸಿ, ಸುಗುಣಳ ಚುಕ್ಕೆ ಹಳದಿಯಾಗಿದ್ದ ವೇಳೆಯ ಪಟ್ಟಿಯನ್ನು ಎಲ್ಲರ ಪರದೆಗೂ ತಂದು, ಕೈಕಟ್ಟಿ ಕುಳಿತ.

"ಶಿಸ್ತು ಬೇಕ್ರಿ ಮೇಡಂ. ನಾನಂತೂ ಸೀಟು ಬಿಟ್ಟು ಏಳಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಪಟ್ಟಿಯ ಮೇಲಿನ ಮೌಸಿನ ಬಾಣ ತಾನಾಗಿ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಅವನ ತಲೆಗೂದಲೂ ಅದೇ ತಾಳಕ್ಕೆ ಹಾರುತ್ತಿತ್ತು. ಹೊಸ ಮೌಸನ್ನು ಫ್ಯಾನಿನಿಂದ ಬಿಚ್ಚುವುದನ್ನೇ ಮರೆತಿದ್ದ!

"ಕೈ ಕಟ್ಕೊಂಡಿದ್ದೀರಲ್ಲ, ಅದನ್ನ ಯಾರು ಆಡಿಸ್ತಿದ್ದಾರೆ?" ಮೇಡಂ ಕೇಳಿದರು.

ಸುಗುಣ ಬಾಣ ನೋಡಿದಳು, ಹಾರುವ ಕೂದಲು ನೋಡಿದಳು, ನನ್ನ ದಾರ ನೋಡಿದಳು. ಬಾಲ ಹಿಡಿದು ನನ್ನನ್ನು ಕ್ಯಾಮೆರಾದ ಮುಂದೆ ಎತ್ತಿದಳು.

"ಫ್ಯಾನ್ ಬಂದ್ ಮಾಡಾಕೆ ಹೇಳ್ರಿ ಮೇಡಂ, ನಿಲ್ಲುತ್ತೆ. ಇದು ಸಾರ್ ಕೊಟ್ಟ ಹಳೇ ಮೌಸು. ಅವರು ಕಟ್ಟಿದ ದಾರ ಇನ್ನೂ ಹಂಗೇ ಐತಿ."

ಅವನ ಮುಖ ಕಪ್ಪಿಟ್ಟಿತು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ಈಗ ನನ್ನ ಗುಂಡಿ ಸವೆದಿದೆ. ಸುಗುಣಳ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ವಿರೂಪಾಕ್ಷನ ಜಾಗದಲ್ಲಿ ಅವಳೇ ಈಗ ಮ್ಯಾನೇಜರು. ಕ್ಷಮಿಸುವ ಇಲಿ ಗಣಪತಿಯ ಪಾದದ ಬಳಿ ಇದ್ದೀತು, ನಾನಲ್ಲ. ಮೊನ್ನೆ ವಿರೂಪಾಕ್ಷ ಫೋನು ಮಾಡಿದ್ದ: ತನ್ನ ಮೌಸು ಕೆಟ್ಟಿದೆ, ಹಳೆಯದನ್ನಾದರೂ ವಾಪಸು ಕೊಡುತ್ತೀರಾ ಎಂದು.

ಸುಗುಣ ಖಾನೆ ತೆರೆದು ನನ್ನನ್ನು ನೋಡಿ ನಕ್ಕಳು.

"ನಿಮಗೆ ಇದು ಸಾಕಾಗಲ್ಲ ಬಿಡ್ರಿ ಸಾರ್."