ತುಂಬಿದ ಒಂಬತ್ತು

ಕರಟೀನಾ ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಬರೆದವನು ಗಿತಾಹಿ. ಮಾಂಸದಂಗಡಿಯ ಕೆಂಪು ಅಕ್ಷರ, ಜನ ತುಂಬಿಕೊಂಡು ಓಡುವ ಮತಾತು ವ್ಯಾನುಗಳ ಬೆನ್ನಿಗಂಟಿದ ಹಳದಿ ಅಕ್ಷರ, ಎಲ್ಲ ಅವನದೇ ಕೈಚಳಕ. ಇಂಥ ಮಹಾಶಯನಿಗೆ ಆರು ವರ್ಷದ ಮಗಳ ತಲೆಯೊಳಗೆ ನಾಲ್ಕು ಅಕ್ಷರ ಇಳಿಸಲು ಆಗುತ್ತಿರಲಿಲ್ಲ. ಊರಿಗೆ ಇದನ್ನು ಹೇಳಿಕೊಳ್ಳುವ ಹಾಗಿಲ್ಲ. ಒಬ್ಬನೇ ಏಣಿಯ ಮೇಲೆ ನಿಂತಾಗ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳುತ್ತಿದ್ದ.

ಸೋಮವಾರ ಒಂದನೇ ತರಗತಿಯ ಸಂದರ್ಶನ. ಟೀಚರ್ ಮುಂದೆ ಓದಿ, ಎಣಿಸಿ ತೋರಿಸದಿದ್ದರೆ ಮಗಳು ನ್ಯಗೂಥಿ ಇನ್ನೊಂದು ವರ್ಷ ಮೂಗು ಸುರಿಸುವ ಚಿಳ್ಳೆಪಿಳ್ಳೆಗಳ ಜೊತೆ ಶಿಶುವಿಹಾರದಲ್ಲೇ ಕೂರಬೇಕು. ಗೆಳತಿಯರೆಲ್ಲ ಮುಂದೆ ಹೋಗಿಬಿಡುತ್ತಾರೆ. ಅದನ್ನು ನೆನೆದು ಮಗು ಒಂದು ಸಲ ಮುಸುಮುಸು ಅತ್ತಿದ್ದೂ ಉಂಟು. ತಡೆಯಲಾರದೆ ಗಿತಾಹಿ ಮನೆಯನ್ನೇ ಶಾಲೆ ಮಾಡಿದ. ಬಾಗಿಲು, ನೀರಿನ ಡ್ರಮ್ಮು, ಆಡಿನ ಕೊಟ್ಟಿಗೆ, ಕಂಡಕಂಡಲ್ಲಿ ಬಣ್ಣದ ಅಕ್ಷರ. ಕೊಟ್ಟಿಗೆಯ ಅಕ್ಷರಗಳನ್ನು ಹಸಿಯಿರುವಾಗಲೇ ಆಡು ನೆಕ್ಕಿತು.

“ಪರವಾಗಿಲ್ಲ ಮೇಷ್ಟ್ರೇ, ಈ ಮನೇಲಿ ಒಬ್ಬರಿಗಾದ್ರೂ ಓದಿನ ರುಚಿ ಹತ್ತಿತಲ್ಲ!” ಎಂದಳು ಹೆಂಡತಿ.

ಓದು ಕುಂಟುತ್ತಾ ಮುಂದೆ ಹೋಯಿತು. ಎಡವಟ್ಟಾಗಿದ್ದು ಲೆಕ್ಕದಲ್ಲಿ. ಕಡ್ಡಿ, ಕಲ್ಲು ಎಣಿಸಿದರೆ ಮಗುವಿಗೆ ಬೇಜಾರು, ಜೀವವಿರುವುದನ್ನು ಎಣಿಸಿದರೆ ಖುಷಿ ಎಂದು ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ; ಇವನೇ ಕಂಡುಹಿಡಿದಿದ್ದ. ಅಂಗಳಕ್ಕೆ ಆಡುಗಳನ್ನು ಎಳೆದು ತಂದು ಸಾಲಾಗಿ ಕಟ್ಟಿದ.

“ಎಣಿಸಮ್ಮಾ,” ಎಂದ. ಮಗಳಿಗೆ ಇಟ್ಟಿದ್ದು ತನ್ನ ತಾಯಿಯ ಹೆಸರು, ಆ ಊರಿನ ಎಲ್ಲರ ಮನೆಯ ಹಿರಿಮಗಳ ಹಾಗೆ. ಆದ್ದರಿಂದ ಅವಳು ಅವನಿಗೆ ಅಮ್ಮನೇ.

ನ್ಯಗೂಥಿ ಆಡುಗಳನ್ನು ನೋಡಿದಳು. ಹೊಸ್ತಿಲ ಬಳಿ ಹುರುಳಿಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನು ನೋಡಿದಳು. ದನಿ ತಗ್ಗಿಸಿ ಎಣಿಸತೊಡಗಿದಳು. “...ಏಳು, ಎಂಟು, ಒಂಬತ್ತು, ತುಂಬಿದ ಒಂಬತ್ತು.”

“ಏನಂದೆ?”

“ತುಂಬಿದ ಒಂಬತ್ತು.”

“ಹತ್ತು ಅನ್ನಮ್ಮಾ! ಹ-ತ್ತು!”

ಮಗು ಬಾಯಿಗೆ ಬೀಗ ಹಾಕಿಕೊಂಡಿತು. ಬಾಯಿ ಬಿಟ್ಟವಳು ಅಜ್ಜಿ. “ಲೋ, ಉಸಿರಾಡೋ ಜೀವಕ್ಕೆ ಯಾರಾದ್ರೂ ಹತ್ತು ಅಂತಾರೇನೋ? ಎಣಿಸೋದೇ ತಪ್ಪು, ಅದರ ಮೇಲೆ ಹತ್ತು ಬೇರೆ! ನಾಳೆ ಒಂದು ಸತ್ತು ಬಿದ್ರೆ ನಿನ್ನ ಬಣ್ಣದ ಡಬ್ಬಿ ಹಾಲು ಕೊಡುತ್ತಾ?”

“ಅವ್ವಾ, ಸಂದರ್ಶನಕ್ಕೆ ನಿನ್ನ ಆಡು ಬರಲ್ಲ!”

“ಮತ್ತೆ ನೀನ್ಯಾಕೋ ಅವನ್ನ ಪಾಠಕ್ಕೆ ಕರ್ಕೊಂಡು ಬಂದೆ?”

ಉತ್ತರ ಹೊಳೆಯದ ಗಂಡಸರು ಮಾಡುವುದನ್ನೇ ಅವನೂ ಮಾಡಿದ: ಕೈಯಲ್ಲಿದ್ದ ಚಹಾ ಕಪ್ಪನ್ನು ಕಲ್ಲಿನ ಮೇಲೆ ಕುಕ್ಕಿದ. ಹಿಡಿ ಕಿತ್ತು ಬೆರಳಲ್ಲೇ ಉಳಿಯಿತು. ಮಗು ಅಜ್ಜಿಯ ಬೆನ್ನ ಹಿಂದೆ ಸರಿಯಿತು.

“ಹೆದರಿಸು, ಹೆದರಿಸು,” ಎಂದಳು ಮುದುಕಿ. “ನನ್ನ ಹೆಸರಿಟ್ಟುಕೊಂಡೋಳು ಅವಳು. ನಿಮ್ಮವ್ವನಿಗೇ ಕಪ್ಪು ಕುಕ್ಕಿದ ಹಾಗಾಯ್ತು.”

ಅವತ್ತಿನಿಂದ ಅವನು “ಬಾಮ್ಮಾ, ಓದೋಣ” ಎಂದರೆ ಸಾಕು, ಮಗುವಿಗೆ ಹೊಟ್ಟೆನೋವು. ಪುಸ್ತಕ ಮುಚ್ಚಿಟ್ಟರೆ ನೋವು ಮಾಯ. ಮೊದಲೆಲ್ಲ ಅವನ ಸೈಕಲ್ಲಿನ ಸದ್ದಿಗೆ ಗೇಟಿನವರೆಗೆ ಓಡಿ ಬರುತ್ತಿದ್ದವಳು. ಭೇಷ್ ಗಿತಾಹಿ, ಪಾಠ ಹತ್ತಲಿಲ್ಲ, ಮಗಳೂ ಕೈತಪ್ಪಿದಳು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸೋಮವಾರ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮಗಳ ಜೊತೆ ಹೋಗಿ ಕುಳಿತ. ಮ್ವನಾಶಾ ಟೀಚರ್ ದೂರದ ಕರಾವಳಿಯಿಂದ ಹೊಸದಾಗಿ ಬಂದವರು, ಇಲ್ಲಿನ ರೂಢಿ ತಿಳಿಯದವರು, ನಗುಮುಖದವರು. ನ್ಯಗೂಥಿ ಚಿತ್ರದ ಕೆಳಗಿನ ಸಾಲನ್ನು ತಡವರಿಸಿ ತಡವರಿಸಿ ಓದಿ ಮುಗಿಸಿದಳು. ಗಿತಾಹಿ ಮೀಸೆಯ ಮೇಲೆ ಕೈ ಇಟ್ಟ.

“ಈಗ ಲೆಕ್ಕ,” ಎಂದರು ಟೀಚರ್. “ನಿಮ್ಮ ಮನೇಲಿ ಮಕ್ಕಳೆಷ್ಟು ಪುಟ್ಟಾ? ಎಣಿಸಿ ಹೇಳು.”

ಕೈ ಮೀಸೆಯಿಂದ ಜಾರಿತು. ಮಗು ನೆಲ ನೋಡುತ್ತಾ ನಿಂತಿತು. ಟೀಚರ್ ಇನ್ನೊಮ್ಮೆ ಕೇಳಿದರು. ಆಮೇಲೆ ಇವನ ಕಡೆ ತಿರುಗಿ, “ಹೋಗ್ಲಿ, ನೀವೇ ಸ್ವಲ್ಪ ಸಹಾಯ ಮಾಡಿ. ಎಷ್ಟು ಮಕ್ಕಳು ನಿಮಗೆ?” ಎಂದರು.

ಇಷ್ಟೇನಾ ಎಂದುಕೊಂಡು ಗಿತಾಹಿ ಬಾಯಿ ತೆರೆದ. ಬಾಯಿ ತೆರೆದೇ ಇತ್ತು, ನಾಲಿಗೆ ಮಿಸುಕಲಿಲ್ಲ. ಹೆತ್ತ ಮಕ್ಕಳನ್ನು ಎಣಿಸಿ ಹೇಳುವುದೇ? ಏನಾದರೂ ಹೆಚ್ಚುಕಡಿಮೆ ಆದರೆ?

“ಇದ್ದಾರೆ, ಮೇಡಂ.”

“ಇದ್ದಾರೆ ಅಂದ್ರೆ?”

“ಅಂದ್ರೆ... ದೇವರು ಕೊಟ್ಟಷ್ಟು ಇದ್ದಾರೆ.”

ತಾಯಿ ಇಲ್ಲಿದ್ದಿದ್ದರೆ ಹುರುಳಿಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಟೀಚರ್ ಮಾತ್ರ ನಗಲಿಲ್ಲ. ಅಪ್ಪ ಮಗಳಿಬ್ಬರನ್ನೂ ಇನ್ನೊಂದು ವರ್ಷ ಶಿಶುವಿಹಾರದಲ್ಲಿ ಕೂರಿಸುವುದೇ ವಾಸಿ ಎಂಬಂತೆ ನೋಡುತ್ತಿದ್ದರು.

ನ್ಯಗೂಥಿ ಅಪ್ಪನ ಮುಖ ನೋಡಿದಳು. ಅವಳಿಗೆ ಪಾಪ ಅನ್ನಿಸಿರಬೇಕು.

“ಟೀಚರ್, ಜನರನ್ನ ಎಣಿಸಬಾರ್ದು. ನಮ್ಮನೆ ಕಪ್ಪು ಎಣಿಸ್ಲಾ?”

“ಎಣಿಸು ನೋಡೋಣ.”

“ದೊಡ್ಡೋರ ಕಪ್ಪು ಮೂರು. ನಮ್ಮ ಸಣ್ಣ ಕಪ್ಪು ಮೂರು. ಬಂದೋರಿಗೆ ಅಂತ ಅಜ್ಜಿ ಎತ್ತಿಟ್ಟಿರೋದು ನಾಕು.” ಬೆರಳು ಮಡಿಸಲೂ ಇಲ್ಲ. “ಎಲ್ಲಾ ಸೇರಿ ಹತ್ತು.”

ಹತ್ತು! ಗಿತಾಹಿ ಇಂಗು ತಿಂದ ಮಂಗನಂತೆ ಕುಳಿತ. ಅವಳಿಗೆ ಹತ್ತು ಮೊದಲಿನಿಂದಲೂ ಬರುತ್ತಿತ್ತು. ಆಡಿಗೆ ಅನ್ನಬಾರದು ಅಷ್ಟೇ.

ಟೀಚರ್ ಮುಖ ಅರಳಿತು. “ಅದರಲ್ಲಿ ಒಂದು ಒಡೆದು ಹೋದ್ರೆ?”

“ಒಂಬತ್ತು. ಆದ್ರೆ ಒಡೆದಿಲ್ಲ ಟೀಚರ್, ಹಿಡಿ ಮಾತ್ರ ಕಿತ್ತಿದೆ. ಅಪ್ಪಂದು. ಕೋಪ ಬಂದು ಕುಕ್ಕಿದ್ದು. ಅದನ್ನೂ ಲೆಕ್ಕಕ್ಕೆ ಹಿಡೀತೀವಿ.”

ಜನವರಿಯಲ್ಲಿ ಶಾಲೆ ಶುರುವಾದಾಗ ಒಂದನೇ ತರಗತಿಗೆ ಕಳಿಸಿ ಎಂದು ಟೀಚರ್ ನಗುತ್ತಲೇ ಹೇಳಿದರು. ಗಿತಾಹಿ ತಲೆ ತಗ್ಗಿಸಿಕೊಂಡೇ ಕೈಮುಗಿದು ಹೊರಗೆ ಬಂದ. ಕೆಮ್ಮಣ್ಣಿನ ದಾರಿ ಹಿಡಿದು ಇಬ್ಬರೂ ಮನೆ ಕಡೆ ನಡೆದರು.

“ಅಪ್ಪಾ, ಟೀಚರ್ ಕೇಳಿದ್ದು ನಿಂಗೆ ಬರಲಿಲ್ಲ ಅಲ್ವಾ?”

“ಬರಲಿಲ್ಲಮ್ಮಾ.”

ಮಗು ಯೋಚನೆ ಮಾಡಿತು. ಎಷ್ಟೋ ದಿನದ ಮೇಲೆ ಅವನ ಬಣ್ಣ ಮೆತ್ತಿದ ಬೆರಳನ್ನು ತಾನಾಗಿಯೇ ಹಿಡಿದುಕೊಂಡಿತು.

“ಸಂಜೆ ಕೂತ್ಕೋ, ನಾನು ಹೇಳ್ಕೊಡ್ತೀನಿ. ಹೊಟ್ಟೆನೋವು ಅಂತ ಓಡಿಹೋಗ್ಬೇಡ. ನಾನು ಬೈಯಲ್ಲ.”